ಫರ್ಕಿನ್ ಅಂದರೆ ಬ್ಯಾರಲ್‌ನ ಪಾವು: ಬ್ರಿಟನ್ ಪಬ್‌ಗಳ ಪೀಪಾಯಿ ಅಳತೆ ಮತ್ತು ಸೆಲ್ಲರ್ ಕೆಲಸ

ಕಾರವಾರ, ಅಂಕೋಲಾ, ಹೊನ್ನಾವರದ ಕಡೆಯಿಂದ ಹೋಟೆಲ್ ಕೆಲಸ ಕಲಿತು ಬ್ರಿಟನ್ನಿನ ಪಬ್ ಸೇರುವವರು ಮೊದಲು ತಿಳಿಯಬೇಕಾದ್ದು ಪೀಪಾಯಿಯ ಲೆಕ್ಕ. ನಮ್ಮ ಬಾರ್‌ಗಳ ಡ್ರಾಫ್ಟ್ ಬಿಯರ್ ಬರುವುದು ಕೆಗ್‌ನಲ್ಲಿ, ಸಾಮಾನ್ಯವಾಗಿ 30 ಇಲ್ಲವೇ 50 ಲೀಟರ್; ಅದನ್ನು ಗ್ಯಾಸ್ ಒತ್ತಿ ಮೇಲೇರಿಸುತ್ತದೆ. ಪೀಪಾಯಿಯ ಬಿಯರ್‌ನಲ್ಲಿ ಯೀಸ್ಟ್ ಇನ್ನೂ ಜೀವಂತವಾಗಿರುತ್ತದೆ, ಹುದುಗು ಒಳಗೇ ಮುಂದುವರಿಯುತ್ತದೆ. ಅದಕ್ಕೇ ಇದನ್ನು ನೋಡಿಕೊಳ್ಳುವ ರೀತಿ ಬೇರೆ.

ಅಳತೆಗೆ ಸೇರು-ಪಾವಿನ ಲೆಕ್ಕ ನೆನಪಿಟ್ಟರೆ ಸಾಕು. ಬ್ಯಾರಲ್ ಒಂದು ಸೇರು ಅಂದುಕೊಳ್ಳಿ: 36 ಗ್ಯಾಲನ್, ಸುಮಾರು 164 ಲೀಟರ್. ಅದರ ಅರ್ಧ ಕಿಲ್ಡರ್ಕಿನ್, 18 ಗ್ಯಾಲನ್, 82 ಲೀಟರ್. ಪಾವು ಅಂದರೆ ಫರ್ಕಿನ್, 9 ಗ್ಯಾಲನ್, 41 ಲೀಟರ್. ಅರೆಪಾವು ಪಿನ್, ನಾಲ್ಕೂವರೆ ಗ್ಯಾಲನ್, 20.5 ಲೀಟರ್, ಅಂಗಡಿಗೆ ಬರುವ ನೀರಿನ ಕ್ಯಾನ್‌ನಷ್ಟೇ. ಒಂದೂವರೆ ಬ್ಯಾರಲ್ ಹಿಡಿಯುವ ಹಾಗ್ಸ್‌ಹೆಡ್ ಪಬ್‌ನಲ್ಲಿ ಈಗ ಕಾಣುವುದೇ ಅಪರೂಪ. ಇಲ್ಲಿ ಗ್ಯಾಲನ್ ಎಂದರೆ ಇಂಪೀರಿಯಲ್ ಗ್ಯಾಲನ್, 4.546 ಲೀಟರ್, ಒಂದು ಗ್ಯಾಲನ್‌ಗೆ 8 ಪೈಂಟ್.

ಯಾವ ಅಳತೆ ತರಿಸಬೇಕು ಎಂಬುದನ್ನು ದರ ನೋಡಿ ತೀರ್ಮಾನಿಸಬೇಡಿ, ಮೂರು ದಿನದ ಮಾರಾಟ ನೋಡಿ ತೀರ್ಮಾನಿಸಿ. ನಲ್ಲಿ ಹಾಕಿದ ಮೇಲೆ ಒಳಗೆ ಗಾಳಿ ಹೋಗುತ್ತದೆ, ಮೂರು ದಿನ ಕಳೆದರೆ ಬಿಯರ್ ಸಪ್ಪೆಯಾಗಿ ಹುಳಿಯತ್ತ ತಿರುಗುತ್ತದೆ. ದಿನಕ್ಕೆ 12 ಪೈಂಟ್ ಹೋಗುವಲ್ಲಿ ಪಿನ್ ಸಾಕು. 23-24 ಹೋದರೆ ಫರ್ಕಿನ್, 48ರ ಹತ್ತಿರ ಹೋದರೆ ಕಿಲ್ಡರ್ಕಿನ್. ಫರ್ಕಿನ್‌ನಲ್ಲಿ 72 ಪೈಂಟ್ ಇದ್ದರೂ ತಳದ ಗಸಿಯಿಂದ ನಾಲ್ಕೈದು ಪೈಂಟ್ ಕೈಬಿಡುತ್ತದೆ, ಅದನ್ನೂ ಲೆಕ್ಕಕ್ಕೆ ಹಿಡಿಯಿರಿ. ತುಂಬಿದ ಫರ್ಕಿನ್ 50 ಕಿಲೋ ಅಕ್ಕಿ ಚೀಲಕ್ಕಿಂತ ಭಾರ. ಒಬ್ಬರೇ ಎತ್ತಲು ಹೋಗಬೇಡಿ.

ಪೀಪಾಯಿ ಬಂದ ತಕ್ಷಣ ಸ್ಟಿಲೇಜ್ ಎಂಬ ಅಡ್ಡೆಯ ಮೇಲೆ ಮಲಗಿಸಿ. ಹೊಟ್ಟೆಯ ಮೇಲಿನ ಬಿರಡೆ, ಅಂದರೆ ಶೈವ್, ನೆತ್ತಿಗೆ ಬರಬೇಕು. ಮುಂಭಾಗದ ಕೀಸ್ಟೋನ್, ಅಂದರೆ ನಲ್ಲಿ ಹೊಡೆಯುವ ಬಿರಡೆ, ತಳಕ್ಕೆ. ಅಲುಗದಂತೆ ಮೂರು ಬೆಣೆ ಕೊಡಿ, ಮುಂದೆ ಎರಡು, ಹಿಂದೆ ಒಂದು. ಶೈವ್ ಒರೆಸಿ ಶುಚಿ ಮಾಡಿ, ಅದರ ನಡುವಿನ ಗುಳಿಗೆ ಮೆದು ಸ್ಪೈಲ್ ಎಂಬ ಸಣ್ಣ ಗೂಟವನ್ನು ಕೊಡತಿಯಿಂದ ಹೊಡೆಯಿರಿ. ಮೆದು ಸ್ಪೈಲ್ ಬಿದಿರಿನದೂ ಇರುತ್ತದೆ. ಅದರ ಎಳೆಗಳ ನಡುವೆ ಗ್ಯಾಸ್ ನೊರೆಯಾಗಿ ಹೊರಬರುತ್ತದೆ. ಆಗಾಗ ಒರೆಸುತ್ತಿರಿ. ಒರೆಸಿದ ಮೇಲೆ ನೊರೆ ಮತ್ತೆ ಮೂಡಲು ಕೆಲವು ಸೆಕೆಂಡ್ ಹಿಡಿಯುವಂತಾದಾಗ ಗಟ್ಟಿ ಮರದ ಸ್ಪೈಲ್‌ಗೆ ಬದಲಾಯಿಸಿ. ಇಲ್ಲಿ ಮೈಮರೆತು ಮೆದು ಸ್ಪೈಲನ್ನೇ ಬಿಟ್ಟರೆ ಬಿಯರ್‌ನ ಜೀವವೇ ಹೋಯಿತು. ಆಮೇಲೆ 24ರಿಂದ 48 ಗಂಟೆ ಅದರ ತಂಟೆಗೆ ಹೋಗಬೇಡಿ.

ನಲ್ಲಿ ಹಾಕುವಾಗ ಮೊದಲು ಗಟ್ಟಿ ಸ್ಪೈಲ್ ಸಡಿಲಿಸಿ ಒತ್ತಡ ಇಳಿಸಿ. ತೊಳೆದ ನಲ್ಲಿ ಮುಚ್ಚಿದೆಯೇ ಎಂದು ಇನ್ನೊಮ್ಮೆ ನೋಡಿ, ಕೀಸ್ಟೋನ್‌ಗೆ ನೇರ ಹಿಡಿದು ಒಂದೇ ಏಟು ಬಲವಾಗಿ ಹೊಡೆಯಿರಿ. ಅಳುಕುತ್ತ ಹಲವು ಏಟು ಕೊಟ್ಟರೆ ಗಸಿ ಎಲ್ಲ ಮೇಲೇಳುತ್ತದೆ. ಸ್ವಲ್ಪ ಗ್ಲಾಸಿಗೆ ಬಿಟ್ಟು ಬೆಳಕಿಗೆ ಹಿಡಿದು, ಮೂಸಿ ನೋಡಿ.

ಮಾರಾಟದ ಹೊತ್ತಿನಲ್ಲಿ ಗಟ್ಟಿ ಸ್ಪೈಲ್ ತೆಗೆದಿರಬೇಕು, ಪಬ್ ಮುಚ್ಚಿದ ಮೇಲೆ ಮತ್ತೆ ಹಾಕಬೇಕು. ತೆಗೆಯಲು ಮರೆತರೆ ಒಳಗೆ ನಿರ್ವಾತವಾಗಿ ಹರಿವು ನಿಲ್ಲುತ್ತದೆ, ಆಮೇಲೆ ನಲ್ಲಿಯ ಮೂಲಕವೇ ಗಾಳಿ ಗುಳುಗುಳು ನುಗ್ಗಿ ಗಸಿ ಕದಡುತ್ತದೆ. ಉಳಿದದ್ದೆಷ್ಟು ಎಂದು ಶೈವ್‌ನಲ್ಲಿ ಡಿಪ್‌ಸ್ಟಿಕ್ ಇಳಿಸಿ ನೋಡಿ. ಪೀಪಾಯಿಯ ಅಳತೆಗೆ ತಕ್ಕ ಗುರುತನ್ನೇ ಓದಬೇಕು. ಮೂರನೇ ಒಂದು ಪಾಲಿನಿಂದ ಅರ್ಧದೊಳಗೆ ಖಾಲಿಯಾದಾಗ ಹಿಂಬದಿಯನ್ನು ನಿಧಾನವಾಗಿ ಎತ್ತಿ ಬೆಣೆ ಸರಿಸಿ. ತಳ ಮುಟ್ಟುವ ಹೊತ್ತಿಗೆ ಎತ್ತಿದರೆ ಗಸಿಯೂ ಬಿಯರ್ ಜೊತೆ ಹೊರಟಿತು.

ಸೆಲ್ಲರ್, ಅಂದರೆ ಪೀಪಾಯಿ ಇಡುವ ನೆಲಮಾಳಿಗೆ, 11ರಿಂದ 13 ಡಿಗ್ರಿ ಸೆಲ್ಸಿಯಸ್‌ನಲ್ಲಿರಲಿ. ಅನೇಕ ಬಿಯರ್‌ಗಳನ್ನು ತಿಳಿಗೊಳಿಸುವುದು ಐಸಿಂಗ್ಲಾಸ್, ಮೀನಿನ ಗಾಳಿಚೀಲದಿಂದ ತೆಗೆದ ಕೊಲಾಜೆನ್. 20 ಡಿಗ್ರಿ ದಾಟಿದರೆ ಅದು ಹಾಳಾಗುತ್ತದೆ, ಬಳಿಕ ಎಷ್ಟು ತಣ್ಣಗಾಗಿಸಿದರೂ ಬಿಯರ್ ತಿಳಿಯಾಗದು. ನಮ್ಮ ಕರಾವಳಿಯ ಸೆಕೆಯಲ್ಲಿ ಇಂಥ ಪೀಪಾಯಿ ಹೊರಗೆ ಇಡುವ ಮಾತೇ ಇಲ್ಲ. ಸಸ್ಯಾಹಾರಿ ಗಿರಾಕಿ ಕೇಳಿದರೆ ಬ್ರೂವರಿಯ ಲೇಬಲ್ ನೋಡಿಯೇ ಉತ್ತರಿಸಿ. ಬಿಯರ್ ಪೈಪುಗಳನ್ನು ವಾರಕ್ಕೊಮ್ಮೆ ತೊಳೆಯಿರಿ.

ಹಳೇ ಬಾವಿಗೆ ಇಳಿಯುವಾಗಿನ ಅಪಾಯವೇ ಸೆಲ್ಲರ್‌ನಲ್ಲೂ ಇದೆ. ಕಾರ್ಬನ್ ಡೈಆಕ್ಸೈಡ್ ಗಾಳಿಗಿಂತ ಭಾರ, ನೆಲದಲ್ಲೇ ನಿಲ್ಲುತ್ತದೆ. ಅಲಾರಂ ಕೂಗುತ್ತಿದ್ದರೆ ಒಳಗೆ ಕಾಲಿಡಬೇಡಿ, ಬಿದ್ದವರನ್ನು ಎತ್ತಲು ಒಬ್ಬರೇ ಧಾವಿಸಬೇಡಿ.

ಖಾಲಿಯಾದ ಪೀಪಾಯಿಯ ನಲ್ಲಿ ತೆಗೆದು, ಕೀಸ್ಟೋನ್ ತೂತಿಗೆ ಕಾರ್ಕ್, ಶೈವ್‌ಗೆ ಗಟ್ಟಿ ಸ್ಪೈಲ್ ಬಡಿದು ಬ್ರೂವರಿಗೆ ಹಿಂದಿರುಗಿಸಿ. ತೆರೆದಿಟ್ಟರೆ ನೊಣ, ಬೂಸ್ಟು ಸೇರಿ ಒಳಗೆಲ್ಲ ಹುಳಿಯುತ್ತದೆ.