ರೇಡಿಯೇಷನ್ ಟೇಬಲ್ ಮೇಲೆ ಧ್ಯಾನದ ಆಡಿಯೋ: ನನ್ನ ಅನುಭವ

ರೇಡಿಯೇಷನ್ ಮೆಷಿನ್ ನಡೆಸುವ ಟೆಕ್ನಾಲಜಿಸ್ಟ್ ನಾನು. ಬಾಯಿ, ಗಂಟಲಿನ ಕ್ಯಾನ್ಸರ್‌ನವರಿಗೆ ತಲೆ ಅಲುಗದಿರಲಿ ಅಂತ ಮುಖದ ಮೇಲೆ ಬಿಗಿಯಾದ ಪ್ಲಾಸ್ಟಿಕ್ ಜಾಲರಿಯ ಮಾಸ್ಕ್ ಹಾಕಿ ಟೇಬಲ್‌ಗೆ ಕ್ಲಿಪ್ ಮಾಡುತ್ತೇವೆ. ಅವರಿಗೆ ಕನ್ನಡದಲ್ಲಿ ಧ್ಯಾನದ ಆಡಿಯೋ ಹಾಕಲು ಶುರು ಮಾಡಿದ ಮೇಲೆ, ಮಾಸ್ಕ್‌ಗೆ ಹೆದರಿ ಟೇಬಲ್‌ನಿಂದ ಎದ್ದು ಬರುವವರು ನಮ್ಮಲ್ಲಿ ತೀರಾ ಕಡಿಮೆ. ಮೊದಲು ಹತ್ತು ಜನರಲ್ಲಿ ಮೂವರಿಗಾದರೂ ಡಾಕ್ಟರ್ ಆತಂಕದ ಮಾತ್ರೆ ಬರೆಯಬೇಕಿತ್ತು. ಈಗ ಒಬ್ಬರಿಗೆ, ಅದೂ ಮೊದಲ ವಾರ. ಇದು ಕಣ್ಣಂದಾಜು, ರಿಜಿಸ್ಟರ್ ನೋಡಿ ಹೇಳುತ್ತಿಲ್ಲ. "ಇದೇನು ಆಶ್ರಮವೇನಪ್ಪಾ? ಹೊರಗೆ ಜನ ಕಾಯ್ತಿದ್ದಾರೆ" ಅಂದಿದ್ದ ಸೀನಿಯರ್ ಟೆಕ್ನಾಲಜಿಸ್ಟೇ ಈಗ ನನ್ನಿಂದ ಆಡಿಯೋ ಇಸ್ಕೊಂಡು ಹೋಗುತ್ತಾರೆ.

ಮೊದಲು ದುಡ್ಡು ಹೋಗಿದ್ದು ಒಂದು ಇಂಗ್ಲಿಷ್ ಧ್ಯಾನದ ಆ್ಯಪ್‌ಗೆ, ವರ್ಷಕ್ಕೆ ಎರಡು ಸಾವಿರದ ಹತ್ತಿರ. ಮಂಡ್ಯ ಕಡೆಯ ಯಜಮಾನರೊಬ್ಬರು "ಆಯಮ್ಮ ಏನೋ ಬೈತಾ ಇದ್ದಂಗೈತೆ ಕಣಪ್ಪ" ಅಂದರು. ಆಮೇಲೆ ಬ್ಲೂಟೂತ್ ಸ್ಪೀಕರ್, ಸಾವಿರದ ಐನೂರು. ಫೋನ್ ಹೊರಗೆ ನಾವು ಕೂರುವ ಕನ್ಸೋಲ್‌ನಲ್ಲಿ, ಸ್ಪೀಕರ್ ಒಳಗೆ ರೋಗಿಯ ಹತ್ತಿರ. ಮೆಷಿನ್ ಇರುವ ಬಂಕರ್‌ನ ದಪ್ಪ ಗೋಡೆಯನ್ನು ಸಿಗ್ನಲ್ ದಾಟುತ್ತದೆಯೇ? ಬಾಗಿಲು ಮುಚ್ಚಿದ ಕೂಡಲೇ ಕಟ್. ಇಯರ್‌ಫೋನಂತೂ ಮಾಸ್ಕ್ ಒಳಗೆ ಕೂರುವುದೇ ಇಲ್ಲ. ಕೊನೆಗೆ ಗೆದ್ದಿದ್ದು ಮೆಮೊರಿ ಕಾರ್ಡ್ ಹಾಕುವ ಆರುನೂರು ರೂಪಾಯಿ ಸ್ಪೀಕರ್. ರೇಡಿಯೇಷನ್ ಲೆಕ್ಕ ನೋಡುವ ಫಿಸಿಸಿಸ್ಟ್ ಒಪ್ಪಿದ ಜಾಗದಲ್ಲಿ, ಗ್ಯಾಂಟ್ರಿ ಅಂದರೆ ರೋಗಿಯ ಸುತ್ತ ತಿರುಗುವ ಮೆಷಿನ್ ತೋಳಿನ ದಾರಿಯಿಂದ ದೂರ ಇಟ್ಟಿದ್ದೇವೆ. ರೆಕಾರ್ಡಿಂಗ್‌ಗೆ ಸ್ಟುಡಿಯೋದವರು ಎಂಟು ಸಾವಿರ ಕೇಳಿದರು. ನಾನು ಮನೆಯಲ್ಲಿ ಕಂಬಳಿ ಹೊದ್ದು ಫೋನಿನಲ್ಲೇ ಮಾಡಿದೆ. ದನಿ ಚೆನ್ನಾಗೇ ಬಂದಿದೆ, ನನ್ನ ಹೆಂಡತಿಯೂ ಒಪ್ಪಿದ್ದಾಳೆ!

ಜಾಸ್ತಿ ಕಾಡಿದ್ದು ಏನು ಮಾತಾಡಬೇಕು ಅನ್ನೋದು. ಧ್ಯಾನದ ಆಡಿಯೋ ಸಾಮಾನ್ಯವಾಗಿ "ದೀರ್ಘವಾಗಿ ಉಸಿರೆಳೆದುಕೊಳ್ಳಿ" ಅಂತಲೇ ಶುರುವಾಗುತ್ತದೆ. ಮಾಸ್ಕ್ ಒಳಗೆ ಅದು ಬೇಡ. ಕ್ಯಾಮೆರಾದಲ್ಲಿ ನೋಡಿ, ಭುಜ ಏರಿಳಿಯುತ್ತದೆ. ಮೊದಲೇ ಗಾಬರಿಯಾದವರಿಗೆ ಗಾಳಿ ಸಾಲದು ಅನ್ನಿಸುತ್ತದೆ. ಉಸಿರು ಬಿಡುವುದನ್ನು ಮಾತ್ರ ನಿಧಾನ ಮಾಡಿಸಿ, ತೆಗೆದುಕೊಳ್ಳುವುದು ತಾನಾಗೇ ಆಗುತ್ತದೆ. ಗಂಟಲು, ನಾಲಿಗೆ, ದವಡೆ ಅನ್ನುವ ಮಾತೇ ಎತ್ತಬೇಡಿ. ಗಂಟಲು ಅಂದ ತಕ್ಷಣ ಎಂಜಲು ನುಂಗಬೇಕು ಅನ್ನಿಸುತ್ತದೆ. ಮೂರನೇ ವಾರಕ್ಕೆ ಬಾಯೆಲ್ಲ ಹುಣ್ಣು. ಆಗ ತಂಪು ನೀರು, ಹಣ್ಣಿನ ರುಚಿ ಅಂತೆಲ್ಲ ಹೇಳಿದರೆ ಅದು ಹಿಂಸೆ, ಅಲ್ವಾ? ನಾನು ಗಮನವನ್ನು ಅಂಗಾಲಿಗೆ ಕಳಿಸುತ್ತೇನೆ. ಮಾಸ್ಕ್‌ನಿಂದ ಅಷ್ಟು ದೂರ ಇರುವ ಜಾಗ ಮೈಯಲ್ಲಿ ಬೇರೆ ಇಲ್ಲ.

ನಿಜವಾಗಿ ಕೆಲಸ ಮಾಡಿದ್ದು ಇನ್ನೊಂದು. ನನ್ನ ಆಡಿಯೋ ಬಸ್ ಕಂಡಕ್ಟರ್ ಸ್ಟಾಪ್ ಕೂಗಿದ ಹಾಗೆ. "ಈಗ ಬಾಗಿಲು ಮುಚ್ಚುತ್ತದೆ. ಈಗ ಮೆಷಿನ್ ಒಂದು ಸುತ್ತು ಬರುತ್ತದೆ, ಇದು ಬರೀ ಫೋಟೋ. ಅಂಗಾಲು ನೆನೆಸಿಕೊಳ್ಳಿ." ಆ ಫೋಟೋ ಪ್ಲಾನ್‌ಗೆ ಸರಿಹೊಂದುತ್ತದೆಯೇ ಅಂತ ನೋಡುವ ಇಮೇಜ್ ಮ್ಯಾಚಿಂಗ್‌ಗೆ ದಿನಾ ಒಂದೇ ಹೊತ್ತು ಹಿಡಿಯಲ್ಲ. ಅಲ್ಲಿ ಆಡಿಯೋದಲ್ಲಿ ಸುಮ್ನೆ ಒಂದು, ಎರಡು ಅಂತ ಎಣಿಸುತ್ತಾ ಹೋಗಿದ್ದೇನೆ. ಬೀಮ್, ಅಂದರೆ ರೇಡಿಯೇಷನ್ ಕಿರಣ, ಶುರುವಾಗುವ ಮುಂಚೆ ಇಂಟರ್‌ಕಾಮ್‌ನಲ್ಲಿ ನಾನೇ ಹೇಳುತ್ತೇನೆ. ಮಾಸ್ಕ್‌ನ ಕೊನೆಯ ಕ್ಲಿಪ್ ಒತ್ತುವಾಗ ಹೇಳುವ ಒಂದು ಮಾತಿದೆ, ಅದನ್ನು ಇಲ್ಲಿ ಬರೆಯಲ್ಲ.

ಮಾಸ್ಕ್ ಮಾಡಿದ ದಿನವೇ ಆಡಿಯೋ ವಾಟ್ಸ್‌ಆ್ಯಪ್‌ನಲ್ಲಿ ಕೊಟ್ಟುಬಿಡಿ. ರೇಡಿಯೇಷನ್ ಎಲ್ಲಿಗೆ, ಎಷ್ಟು ಅಂತ ಲೆಕ್ಕ ಹಾಕುವ ಪ್ಲಾನಿಂಗ್‌ಗೆ ಹೇಗೂ ಒಂದು ವಾರ ಹಿಡಿಯುತ್ತದೆ. ಅಷ್ಟರಲ್ಲಿ ಮನೆಯಲ್ಲಿ ದಿನಕ್ಕೆರಡು ಸಲ ಕೇಳಿದವರು ಮೊದಲ ದಿನವೇ ಹದಿನೈದು ನಿಮಿಷದಲ್ಲಿ ಮುಗಿಸುತ್ತಾರೆ. ಕೇಳದೆ ಬಂದವರಿಗೆ ಅರ್ಧ ಗಂಟೆ. ಮೂವತ್ತು ಮೂವತ್ತೈದು ಸಿಟ್ಟಿಂಗ್ ಇರುವವರಿಗೆ ಶುರುವೇ ಸಲೀಸಾದರೆ ಎಷ್ಟು ಅನುಕೂಲ, ನೀವೇ ಯೋಚಿಸಿ.

ಬೇರೆ ಕಡೆಯೂ ಕೈಯಾಡಿಸಿ ನೋಡಿದೆ. ಪ್ರಾಸ್ಟೇಟ್ ರೋಗಿಗಳಿಗೆ ಹಾಕಿದರೆ ಮೈ ಸಡಿಲವಾಗಿ ಮೂತ್ರಕ್ಕೆ ಅವಸರ. ಚಿಕಿತ್ಸೆಗೆ ಅಂತಲೇ ಬ್ಲಾಡರ್ (ಮೂತ್ರಕೋಶ) ತುಂಬಿಸಿಕೊಂಡು ಮಲಗಿರುತ್ತಾರಲ್ಲ! ಯೋಗನಿದ್ರೆಯಲ್ಲಿ ಒಬ್ಬರು ನಿಜವಾಗಿಯೂ ನಿದ್ದೆ ಹೋಗಿ, ಗೊರಕೆ ಹೊಡೆದು, ಬೆಚ್ಚಿ ಎದ್ದರು. ಬೀಮ್ ನಿಲ್ಲಿಸಿ ಮತ್ತೆ ಇಮೇಜ್ ತೆಗೆಯಬೇಕಾಯಿತು. ಎಡ ಸ್ತನದ ಕ್ಯಾನ್ಸರ್‌ಗೆ, ಹೃದಯ ದೂರ ಸರಿಯಲಿ ಅಂತ ಉಸಿರು ಹಿಡಿಸಿ ಕೊಡುವ ಚಿಕಿತ್ಸೆಗೆ ರೆಕಾರ್ಡಿಂಗ್ ಆಗಿಬರಲ್ಲ. ಒಬ್ಬೊಬ್ಬರು ಹಿಡಿಯುವ ಹೊತ್ತು ಬೇರೆ, ಅಲ್ಲಿ ನಿಂತು ಹೇಳುವ ದನಿಯೇ ಬೇಕು.

ಮುಚ್ಚಿದ ಜಾಗ ಕಂಡರೆ ನಡುಗುವವರಿಗೆ ಇದು ಸಾಲಲ್ಲ. ಅವರನ್ನು ಡಾಕ್ಟರ್, ಕೌನ್ಸೆಲರ್ ಹತ್ತಿರವೇ ಕಳಿಸಿ. ಸಾಧ್ಯವಿದ್ದರೆ ಮಾಸ್ಕ್‌ನಲ್ಲಿ ಕಣ್ಣಿನ ಭಾಗ ಕತ್ತರಿಸಬಹುದೇ ಅಂತ ಫಿಸಿಸಿಸ್ಟ್ ಹತ್ತಿರ ಕೇಳಿ. ನನ್ನ ಆಡಿಯೋ ಈಗ ಮೈಸೂರು ಕಡೆಯ ಮಾತಿನಲ್ಲಿದೆ. ಕಲಬುರಗಿ ಮಾತಿನಲ್ಲೊಂದು, ಉರ್ದುವಿನಲ್ಲೊಂದು ಮಾಡಬೇಕು. ಆ ಕಡೆಯವರು ಯಾರಾದರೂ ದನಿ ಕೊಡುವುದಾದರೆ ಕಂಬಳಿ ನನ್ನದು.