27 ಜನ, ಮೂರು ಮೇಜು, ಹತ್ತು ಗಂಟೆಗೆ ಬೀಗ

ನಾವಿರುವುದು ಬೆಂಗಳೂರಿನ ಒಂದು ಅಪಾರ್ಟ್‌ಮೆಂಟಿನಲ್ಲಿ. ಅಲ್ಲಿನ ಕ್ಲಬ್‌ಹೌಸಿನಲ್ಲಿ ಮೊದಲ ಸಲ ಪೋಕರ್ ಅನ್ನುವ ಇಸ್ಪೀಟಾಟದ ಟೂರ್ನಮೆಂಟ್ ಇಟ್ಟಾಗ ಆಟ ಮುಗಿಯಲೇ ಇಲ್ಲ. 18 ಜನ, ಎರಡು ಮೇಜು. ರಾತ್ರಿ ಹತ್ತಕ್ಕೆ ಸೆಕ್ಯೂರಿಟಿಯವರು ಬೀಗ ಹಿಡಿದು ಬಾಗಿಲಲ್ಲಿ ನಿಂತರು. ಇನ್ನೂ ಏಳು ಜನ ಆಡುತ್ತಿದ್ದರು. ಯಾರ ಹತ್ತಿರ ಚಿಪ್ (ಪಣಕ್ಕಿಡುವ ಬಿಲ್ಲೆ) ಜಾಸ್ತಿ ಇದೆಯೋ ಅವರೇ ಗೆದ್ದರು ಅಂತ ಹೇಳಿ ಮುಗಿಸಿದೆ. ಎರಡನೆಯವರು ಏನೂ ಅನ್ನಲಿಲ್ಲ. ಆದರೆ ಅವರ ಮುಖ ನೋಡಿ ನನಗೆ ತುಂಬಾ ಬೇಜಾರಾಯಿತು. ಮೂರೂವರೆ ಗಂಟೆ ತಾಳ್ಮೆಯಿಂದ ಕೂತವರಿಗೆ ಕೊನೆಯ ಆಟ ಆಡುವ ಅವಕಾಶವನ್ನೇ ನಾನು ಕೊಟ್ಟಿರಲಿಲ್ಲ.

ಎರಡನೇ ಸಲ 27 ಜನ ಹೆಸರು ಕೊಟ್ಟರು. 2025ರ ಆಗಸ್ಟ್‌ನಲ್ಲಿ ಕೇಂದ್ರದ ಹೊಸ ಕಾನೂನು ಬಂದು ದುಡ್ಡಿಟ್ಟು ಆಡುವ ಆನ್‌ಲೈನ್ ಆಟಗಳೆಲ್ಲ ನಿಂತಿದ್ದವು. ಫೋನಿನಲ್ಲಿ ಆಡುತ್ತಿದ್ದ ಕೆಲವರು ಹಾಗಾಗಿ ಈ ಕಡೆ ಬಂದರು. ಸಂಘದ ಕಾರ್ಯದರ್ಶಿ ಮಾತ್ರ ನೇರವಾಗಿ ಕೇಳಿದರು: "ಇಸ್ಪೀಟು ಅಂದ್ರೆ ಜೂಜಲ್ವಾ ಸರ್?" ಕೇಳಬೇಕಾದ ಪ್ರಶ್ನೆಯೇ. ಕರ್ನಾಟಕ ಪೊಲೀಸ್ ಕಾಯ್ದೆ, 1963ರಲ್ಲಿ ಜೂಜಿನ ಬಗ್ಗೆ ಕಲಂಗಳಿವೆ. ನಮ್ಮಲ್ಲಿ ಪ್ರವೇಶ ಶುಲ್ಕ ಇಲ್ಲ, ನಗದು ಬಹುಮಾನ ಇಲ್ಲ, ಪಕ್ಕದಲ್ಲಿ ಕೂತು ಗುಟ್ಟಾಗಿ ಪಂದ್ಯ ಕಟ್ಟುವಂತೆಯೂ ಇಲ್ಲ. ಇದನ್ನು ಬರೆದು ಕ್ಲಬ್‌ಹೌಸಿನ ಬಾಗಿಲಿಗೆ ಅಂಟಿಸಿದೆ. ಗೆದ್ದವರಿಗೆ ಒಂದು ಕಪ್, ಅಷ್ಟೇ. ಮೊದಲ ಸಲ ಆಡುವವರಲ್ಲಿ ಯಾರು ಹೆಚ್ಚು ಹೊತ್ತು ಉಳಿಯುತ್ತಾರೋ ಅವರಿಗೂ ಒಂದು ಪುಟ್ಟ ಕಪ್. ಇದು ನನ್ನ ಹೆಂಡತಿ ಕೊಟ್ಟ ಸಲಹೆ. ಎಂಟು ಜನ ಹೊಸಬರು ಬಂದದ್ದು ಆ ಕಪ್ಪಿನಿಂದಲೇ ಅಂತ ನನಗನ್ನಿಸುತ್ತದೆ.

ಈ ಸಲ ಲೆಕ್ಕವನ್ನು ಹಿಂದಿನಿಂದ ಶುರು ಮಾಡಿದೆ. ಆಟ ಎಷ್ಟಕ್ಕೆ ಮುಗಿಯಬೇಕು? ಹತ್ತಕ್ಕೆ ಬೀಗ. ಚಿಪ್ ಎಣಿಸಿ, ಕುರ್ಚಿ ಜೋಡಿಸಲು ಕಾಲು ಗಂಟೆ ಬೇಕು. ಅಂದರೆ 9:45ಕ್ಕೆ ಕೊನೆಯ ಎಲೆ ಬೀಳಬೇಕು. ಶುರು ಸಂಜೆ 5:30ಕ್ಕೆ.

ನಾವು ಆಡುವುದು ಟೆಕ್ಸಾಸ್ ಹೋಲ್ಡೆಮ್. ಒಬ್ಬೊಬ್ಬರಿಗೂ ಎರಡು ಎಲೆ, ಮಧ್ಯದಲ್ಲಿ ಎಲ್ಲರಿಗೂ ಸೇರಿದ ಐದು ಎಲೆ. ಬ್ಲೈಂಡ್ ಅಂದರೆ ಎಲೆ ನೋಡುವ ಮೊದಲೇ ಇಬ್ಬರು ಇಡಲೇಬೇಕಾದ ಪಣ. ಚಿಕ್ಕದು ಒಬ್ಬರದು, ದೊಡ್ಡದು ಇನ್ನೊಬ್ಬರದು. ಈ ಬ್ಲೈಂಡ್ ಏರುತ್ತಾ ಹೋದ ಹಾಗೆ ಚಿಪ್ ಕರಗುತ್ತದೆ, ಜನ ಕಡಿಮೆಯಾಗುತ್ತಾರೆ. ಆಟದ ಗಡಿಯಾರ ಇರುವುದು ಇಲ್ಲೇ.

ಟೂರ್ನಮೆಂಟ್ ನಡೆಸುವವರು ಒಂದು ಅಂದಾಜು ಬಳಸುತ್ತಾರೆ. ಎಲ್ಲರ ಚಿಪ್ ಒಟ್ಟು ಮಾಡಿ 20ರಿಂದ ಭಾಗಿಸಬೇಕು. ದೊಡ್ಡ ಬ್ಲೈಂಡ್ ಆ ಮೊತ್ತದ ಹತ್ತಿರ ಬಂದಾಗ ಆಟ ಮುಗಿಯುತ್ತದೆ. ಮೊದಲ ಸಲ ತಲೆಗೆ 10,000ದ ಚಿಪ್ ಕೊಟ್ಟಿದ್ದೆ. 18 ಜನಕ್ಕೆ 1,80,000. ಅಂದರೆ ದೊಡ್ಡ ಬ್ಲೈಂಡ್ 9,000 ಮುಟ್ಟಬೇಕಿತ್ತು. ಹತ್ತು ಗಂಟೆಗೆ ನಾವಿದ್ದದ್ದು 600-1,200ರಲ್ಲಿ, ಅಂದರೆ ಚಿಕ್ಕ ಬ್ಲೈಂಡ್ 600, ದೊಡ್ಡದು 1,200. ಬ್ಲೈಂಡಿನ ಒಂದೊಂದು ಹಂತಕ್ಕೆ 20 ನಿಮಿಷ, ಊಟಕ್ಕೆ 40 ನಿಮಿಷ, ಇನ್ನು ಹೇಗೆ ಮುಗಿದೀತು?

ಈ ಸಲ ತಲೆಗೆ 5,000. ಒಟ್ಟು 1,35,000. ಇಪ್ಪತ್ತರಿಂದ ಭಾಗಿಸಿದರೆ 6,750. ಶುರು 25-50ರಿಂದ. ಆಮೇಲೆ 50-100, 75-150, 100-200, 150-300, 200-400, 300-600, 400-800, 600-1,200, 800-1,600, 1,000-2,000, 1,500-3,000, 2,000-4,000, 3,000-6,000. ಹದಿನಾಲ್ಕು ಹಂತ, ಒಂದೊಂದಕ್ಕೆ 15 ನಿಮಿಷ. ಒಟ್ಟು ಮೂರೂವರೆ ಗಂಟೆ. ಊಟಕ್ಕೆ 20 ನಿಮಿಷ, ಚಿಲ್ಲರೆ ಚಿಪ್ ಬದಲಾಯಿಸಲು ಐದೈದು ನಿಮಿಷದ ಎರಡು ಬಿಡುವು. 9:30ಕ್ಕೆ ಸರಿಯಾಗುತ್ತದೆ. ಇನ್ನೊಂದು ಹಂತಕ್ಕೆ ಜಾಗವೂ ಉಳಿಯುತ್ತದೆ. ಆ ಉಳಿದ ಹಂತವೇ ಆಮೇಲೆ ನನ್ನನ್ನು ಕಾಪಾಡಿತು.

15 ನಿಮಿಷ ಕಡಿಮೆ ಅಂತ ನನಗೂ ಗೊತ್ತಿತ್ತು. ನಾವೇ ಎಲೆ ಹಂಚಿಕೊಳ್ಳುವವರು. ಹೊಸಬರಿದ್ದ ಮೇಜಿನಲ್ಲಿ ಅಷ್ಟು ಹೊತ್ತಿಗೆ ಐದಾರು ಕೈ (ಒಂದು ಸಲ ಎಲೆ ಹಂಚಿ ಆಡಿದರೆ ಒಂದು ಕೈ) ಆಡಿದರೆ ಹೆಚ್ಚು. ಅದಕ್ಕೆ ಒಂದು ಉಪಾಯ ಮಾಡಿದೆ. ಪ್ರತಿ ಮೇಜಿಗೂ ಬೇರೆ ಬೇರೆ ಬಣ್ಣದ ಬೆನ್ನಿರುವ ಎರಡು ಕಟ್ಟು ಇಟ್ಟೆ. ಒಂದರಲ್ಲಿ ಆಟ ನಡೆಯುವಾಗ, ಹಂಚಿದವರ ಪಕ್ಕದವರು ಇನ್ನೊಂದನ್ನು ಕಲಸಿಟ್ಟಿರುತ್ತಾರೆ. ಕೈ ಮುಗಿದ ತಕ್ಷಣ ಮುಂದಿನದು ಹಂಚಬಹುದು. ಇಷ್ಟರಿಂದಲೇ ಹಂತಕ್ಕೆ ಎರಡು ಕೈ ಜಾಸ್ತಿ ಸಿಕ್ಕಿತು. ಮನೆಯಲ್ಲಿ ಆಡುವವರು ಬೇರೇನು ಬಿಟ್ಟರೂ ಇದನ್ನು ಬಿಡಬಾರದು.

ಚಿಪ್‌ನದು ಇನ್ನೊಂದು ಲೆಕ್ಕ. ತಲೆಗೆ 25ರದು ಎಂಟು, 100ರದು ಎಂಟು, 500ರದು ನಾಲ್ಕು, 1,000ದ್ದು ಎರಡು. ಒಬ್ಬರಿಗೆ 22, 27 ಜನಕ್ಕೆ 594. ನನ್ನ ಡಬ್ಬಿಯಲ್ಲಿ ಇದ್ದದ್ದು 500. ಗೆಳೆಯರೊಬ್ಬರು 300ರ ಡಬ್ಬಿ ತಂದುಕೊಟ್ಟರು. ಎರಡರಲ್ಲೂ ಬೆಲೆ ಅಚ್ಚಾಗಿರಲಿಲ್ಲ, ಬಣ್ಣ ಮಾತ್ರ. ಯಾವ ಬಣ್ಣಕ್ಕೆ ಎಷ್ಟು ಅಂತ ದೊಡ್ಡ ಅಕ್ಷರದಲ್ಲಿ ಬರೆದು ಮೇಜಿಗೊಂದು ಹಾಳೆ ಇಟ್ಟೆ. 150-300 ಮುಗಿದ ಮೇಲೆ 25ರ ಚಿಪ್ ಬೇಡ, 800-1,600 ಮುಗಿದ ಮೇಲೆ 100ರದು ಬೇಡ. ಎರಡು ಬಿಡುವನ್ನೂ ಅಲ್ಲಿಗೇ ಇಟ್ಟೆ. ಬದಲಾಯಿಸುವಾಗ ಚಿಲ್ಲರೆ ಉಳಿದವರಿಗೆ ಮೇಲಿನ ಚಿಪ್ ಒಂದು ಪೂರ್ತಿ ಕೊಟ್ಟೆ. ದೊಡ್ಡ ಟೂರ್ನಮೆಂಟ್‌ಗಳಲ್ಲಿ ಆ ಚಿಪ್ ಯಾರಿಗೆ ಅಂತ ಎಲೆ ಹಂಚಿ ತೀರ್ಮಾನಿಸುತ್ತಾರೆ. ನಮಗೆ ಅದು ಬೇಕಿಲ್ಲ.

ಜಾಗ ಹಂಚುವುದು ಇಸ್ಪೀಟು ಎಲೆಯಿಂದಲೇ ಆಯಿತು. ಇಸ್ಪೀಟು, ಆಟೀನು, ಡೈಮಂಡ್, ಮೂರರಲ್ಲೂ ಎಕ್ಕದಿಂದ ಒಂಬತ್ತರವರೆಗೆ ತೆಗೆದರೆ ಸರಿಯಾಗಿ 27 ಎಲೆ. ಕಳಾವರ್ ಪಕ್ಕಕ್ಕಿಟ್ಟೆ. ಬಂದವರು ಒಂದು ಎಲೆ ಎಳೆದರೆ ಎಲೆಯ ಜಾತಿ ನೋಡಿ ಮೇಜು, ಸಂಖ್ಯೆ ನೋಡಿ ಕುರ್ಚಿ. ಟೇಬಲ್ ಟೆನಿಸ್ ಮೇಜಿನ ನೆಟ್ ಬಿಚ್ಚಿ, ದಪ್ಪ ಬೆಡ್‌ಶೀಟ್ ಹಾಸಿದೆವು. ಬರಿಯ ಮೇಜಿನ ಮೇಲೆ ಎಲೆ ಎತ್ತಲು ಬರುವುದಿಲ್ಲ, ಉಗುರು ಹಾಕಿದರೆ ಎಲೆ ಮಡಚುತ್ತದೆ. ಇನ್ನೆರಡು ಮೇಜು ಊಟದ ಹಾಲ್‌ನವು.

ಹಿಂದಿನ ಸಲ ಇನ್ನೊಂದು ತಪ್ಪಾಗಿತ್ತು. ಒಂದು ಮೇಜಿನಲ್ಲಿ ಜನ ಕಡಿಮೆಯಾದಾಗ "ಯಾರು ಬರ್ತೀರಾ?" ಅಂತ ಕೇಳಿದ್ದೆ. ಒಬ್ಬರು ಎದ್ದು ಬಂದರು, ಪಾಪ. ಆಗಷ್ಟೇ ಬ್ಲೈಂಡ್ ಕಟ್ಟಿದ್ದವರು, ಹೊಸ ಜಾಗದಲ್ಲಿ ಮತ್ತೆ ಕಟ್ಟಬೇಕಾಯಿತು. ಟೂರ್ನಮೆಂಟ್ ಡೈರೆಕ್ಟರ್ಸ್ ಅಸೋಸಿಯೇಷನ್ ಅಂತ 2001ರಲ್ಲಿ ಶುರುವಾದ ಸಂಸ್ಥೆಯಿದೆ. ಅದರ ನಿಯಮಗಳಲ್ಲಿ ಇದಕ್ಕೆ ಉತ್ತರ ಸಿಕ್ಕಿತು. ಮುಂದಿನ ಕೈಯಲ್ಲಿ ಯಾರು ದೊಡ್ಡ ಬ್ಲೈಂಡ್ ಕಟ್ಟಬೇಕೋ ಅವರೇ ಮೇಜು ಬದಲಿಸಬೇಕು. ಹೇಗೂ ಕಟ್ಟುವವರೇ ಆದ್ದರಿಂದ ನಷ್ಟ ಕಡಿಮೆ. ಮೇಜು ಮೇಜಿಗೆ ಒಬ್ಬರಿಗಿಂತ ಜಾಸ್ತಿ ವ್ಯತ್ಯಾಸ ಬರದಂತೆ ನೋಡಿಕೊಂಡೆ. 18 ಜನ ಉಳಿದಾಗ ಮೂರನೇ ಮೇಜು ಎತ್ತಿದೆ, ಒಂಬತ್ತಾದಾಗ ಫೈನಲ್. ಅದೇ ನಿಯಮಗಳಿಂದ ಇನ್ನೊಂದು ಮಾತು ತೆಗೆದುಕೊಂಡೆ: ಎದುರಿನವರ ಪಣಕ್ಕೆ ಬಾಯಿಬಿಡದೆ ಒಂದೇ ದೊಡ್ಡ ಚಿಪ್ ಇಟ್ಟರೆ ಅದು ಕಾಲ್ (ಸಮ ಕಟ್ಟುವುದು), ರೇಯ್ಸ್ (ಪಣ ಏರಿಸುವುದು) ಅಲ್ಲ. ಹೊಸಬರು ಚಿಲ್ಲರೆ ಇಲ್ಲದೆ 1,000 ಇಡುತ್ತಾರೆ, ಎದುರಿನವರು ಹೆದರಿ ಎಲೆ ಬಿಸಾಡುತ್ತಾರೆ. ಈ ಒಂದು ನಿಯಮದಿಂದ ಎಷ್ಟೋ ವಾದ ಹುಟ್ಟಲೇ ಇಲ್ಲ.

ನನಗೆ ಹೆಚ್ಚು ಚಿಂತೆಯಿದ್ದದ್ದು ಬೇಗ ಸೋಲುವವರದು. ಮೊದಲ ಸಲ ಮೂರನೇ ಮಹಡಿಯ ನಿವೃತ್ತ ಮೇಷ್ಟ್ರು ಎರಡನೇ ಕೈಯಲ್ಲೇ ಎಲ್ಲ ಕಳೆದುಕೊಂಡಿದ್ದರು. "ಏನಪ್ಪಾ, ಸ್ನಾನ ಮಾಡಿ ಇಸ್ತ್ರಿ ಅಂಗಿ ಹಾಕ್ಕೊಂಡು ಬಂದೆ, ಹತ್ತು ನಿಮಿಷಕ್ಕೆ ಮನೆಗೆ ಕಳಿಸ್ತೀಯಲ್ಲ" ಅಂದರು. ಅವರ ಮಾತು ತಿಂಗಳುಗಟ್ಟಲೆ ಮನಸ್ಸಿನಲ್ಲಿತ್ತು. ಅದಕ್ಕೆ ಊಟದ ಬಿಡುವಿನವರೆಗೆ ಸೋತವರಿಗೆ ಒಂದು ಸಲ ಮತ್ತೆ 5,000 ಕೊಟ್ಟು ಕೂರಿಸುವ ನಿಯಮ ಮಾಡಿದೆ. ಆಮೇಲೆ ಸೋತವರಿಗೆ ಕಿಟಕಿ ಪಕ್ಕ ಇಪ್ಪತ್ತೆಂಟು ಅನ್ನುವ ಇನ್ನೊಂದು ಇಸ್ಪೀಟಾಟ ಆಡಲು ಬೇರೆ ಮೇಜು.

ಹಾಗೆ ಆರು ಜನ ಮತ್ತೆ ಬಂದರು. ಒಟ್ಟು ಚಿಪ್ 1,65,000 ಆಯಿತು. ಊಟದ ಹೊತ್ತಿನಲ್ಲಿ ಲೆಕ್ಕ ಹಾಕಿದರೆ 8,250. ಹದಿನಾಲ್ಕು ಹಂತ ಸಾಲದು, 4,000-8,000 ಬೇಕೇ ಬೇಕು. ಉಳಿಸಿಟ್ಟಿದ್ದ ಆ ಒಂದು ಹಂತ ಅಲ್ಲಿ ಬಂತು. ಊಟಕ್ಕೆ ಪ್ರತಿ ಮನೆಯಿಂದ ಒಂದು ಪಾತ್ರೆ ಬಂದಿತ್ತು. ಪುಳಿಯೋಗರೆ, ಮೊಸರನ್ನ, ಎಲ್ಲ ಚಮಚದಲ್ಲಿ ತಿನ್ನುವಂಥದ್ದು. ಬಜ್ಜಿ, ಬೋಂಡ ಬೇಡ ಅಂತ ಮೊದಲೇ ಕೇಳಿಕೊಂಡಿದ್ದೆ. ಎಣ್ಣೆ ಕೈ ಮುಟ್ಟಿದ ಎಲೆ ಮತ್ತೆ ಆಟಕ್ಕೆ ಬರುವುದಿಲ್ಲ.

9:40ಕ್ಕೆ ಕೊನೆಯ ಕೈ. ಮೇಷ್ಟ್ರು ನಾಲ್ಕನೆಯವರಾಗಿ ಎದ್ದಿದ್ದರು, ಆದರೆ ಮನೆಗೆ ಹೋಗಿರಲಿಲ್ಲ. ಹೊಸಬರ ಕಪ್ ಗೆದ್ದ ಹುಡುಗಿಯ ಪಕ್ಕ ನಿಂತು ಕೊನೆಯ ಎಲೆ ಬೀಳುವವರೆಗೂ ನೋಡಿದರು. ಸೆಕ್ಯೂರಿಟಿಯವರು ಬರುವ ಹೊತ್ತಿಗೆ ಚಿಪ್ ಎಲ್ಲ ಡಬ್ಬಿಯಲ್ಲಿತ್ತು.

ಮುಂದಿನ ಸಲಕ್ಕೆ ಈಗಾಗಲೇ 36 ಹೆಸರು ಬಂದಿವೆ. ನಾಲ್ಕು ಮೇಜು. ಪಕ್ಕಕ್ಕಿಟ್ಟಿದ್ದ ಕಳಾವರ್ ಎಲೆಗಳನ್ನು ಹೊರಗೆ ತೆಗೆದಿದ್ದೇನೆ. ಚಿಪ್ ಎಲ್ಲಿಂದ ತರುವುದು ಅಂತ ನೋಡಬೇಕು.