ಪೆಪ್ಪರೋನಿ ಅಂದರೆ ಮೆಣಸಲ್ಲ: ಅಮೆರಿಕದ ಮಿಡ್‌ವೆಸ್ಟ್‌ನಲ್ಲಿ ಹೊರಗೆ ಊಟಕ್ಕೆ ಹೊರಟ ಹೊಸಬರಿಗೆ

ಮೊದಲು ಇದೊಂದನ್ನು ತಲೆಯಲ್ಲಿ ಇಟ್ಟುಕೊಳ್ಳಿ. ಪೆಪ್ಪರೋನಿ ಅಂದರೆ ಕಾಳುಮೆಣಸೂ ಅಲ್ಲ, ಮೆಣಸಿನಕಾಯಿಯೂ ಅಲ್ಲ. ಹಂದಿ ಮತ್ತು ದನದ ಮಾಂಸಕ್ಕೆ ಖಾರ ಹಾಕಿ ಒಣಗಿಸಿದ ಸಾಸೇಜ್ ಅದು, ತೆಳ್ಳಗೆ ಬಿಲ್ಲೆ ಮಾಡಿ ಪಿಜ್ಜಾ ಮೇಲೆ ಹರಡುತ್ತಾರೆ. ಹೆಸರು ಕೇಳಿ ಮೋಸ ಹೋದವರು ನಮ್ಮ ಸಂಘದಲ್ಲೇ ಇದ್ದಾರೆ. ದೊಣ್ಣೆ ಮೆಣಸಿನಕಾಯಿ ಬೇಕಿದ್ದರೆ ‘ಗ್ರೀನ್ ಪೆಪ್ಪರ್’ ಅನ್ನಿ. ‘ಬನಾನಾ ಪೆಪ್ಪರ್’ ಅಂದರೆ ಬಾಳೆಕಾಯಿ ಅಲ್ಲ, ಹುಳಿಯಲ್ಲಿ ನೆನೆಸಿಟ್ಟ ಹಳದಿ ಮೆಣಸಿನಕಾಯಿ. ಅದನ್ನು ಧೈರ್ಯವಾಗಿ ತಿನ್ನಿ. ಶಿಕಾಗೋ ಪಿಜ್ಜಾ ಅಂಗಡಿಯಲ್ಲಿ ಬರೀ ‘ಸಾಸೇಜ್’ ಅಂತ ಬರೆದಿದ್ದರೆ ಅದು ಹಂದಿ ಮಾಂಸ ಅಂತಲೇ ತಿಳಿಯಿರಿ.

ಪಿಜ್ಜಾ ಬಗ್ಗೆ ಇಷ್ಟೊಂದು ಯಾಕೆ ಅಂತ ಅನ್ನಿಸಬಹುದು. ಇಲ್ಲಿ ಮಗುವಿನ ಕ್ಲಾಸಿನವರ ಹುಟ್ಟುಹಬ್ಬ, ಆಫೀಸಿನ ಮಧ್ಯಾಹ್ನದ ಮೀಟಿಂಗ್, ಮನೆ ಬದಲಾಯಿಸುವ ದಿನ ಸಾಮಾನು ಹೊರಲು ಬಂದ ಗೆಳೆಯರ ಊಟ, ಎಲ್ಲಕ್ಕೂ ಪಿಜ್ಜಾನೇ. ಬಂದ ಮೊದಲ ವಾರದಲ್ಲೇ ನಿಮಗೆ ಯಾರಾದರೂ ಕೊಟ್ಟಿರುತ್ತಾರೆ. ಆದ್ದರಿಂದ ಇದನ್ನು ಚೆನ್ನಾಗಿ ತಿಳಿದುಕೊಂಡರೆ ಹೊರಗಿನ ಊಟದ ಅರ್ಧ ಭಯ ಹೋಗುತ್ತದೆ.

ಮಾಂಸ ತಿನ್ನದವರು ಕೇಳಲೇಬೇಕಾದ ಪ್ರಶ್ನೆ

ನಾವು ಬಂದ ಮೊದಲ ಚಳಿಗಾಲ ಅತ್ತೆಯವರು ಆರು ತಿಂಗಳಿಗೆ ಅಂತ ನಮ್ಮ ಜೊತೆ ಇರಲು ಬಂದಿದ್ದರು. ಹೊರಗೆ ಹಿಮ, ಮಕ್ಕಳಿಗೆ ಹಸಿವು, ಮನೆ ಹತ್ತಿರದ ಒಂದು ಪಿಜ್ಜಾ ಅಂಗಡಿಗೆ ಹೋದೆವು. ತರಕಾರಿ ಪಿಜ್ಜಾ ಹೇಳಿದ್ದಾಯಿತು, ಅದು ಬರುವವರೆಗೆ ಬಿಸಿಬಿಸಿ ಏನಾದರೂ ಇರಲಿ ಅಂತ ಮಿನೆಸ್ಟ್ರೋನೆ ಸೂಪ್ ತರಿಸಿದೆವು. ಬೀನ್ಸ್, ಕ್ಯಾರೆಟ್, ಟೊಮ್ಯಾಟೊ ತೇಲುತ್ತಿತ್ತು, ನೋಡಿದರೆ ನಮ್ಮ ಸಾರಿನ ಹಾಗೇ. ಅತ್ತೆ ನಾಲ್ಕು ಚಮಚ ಕುಡಿದ ಮೇಲೆ, ರುಚಿ ಯಾಕೋ ಬೇರೆ ಇದೆ ಅಂದರು. ಕೇಳಿದೆ. ದನದ ಮೂಳೆ ಬೇಯಿಸಿದ ನೀರಿನಲ್ಲಿ ಮಾಡಿದ್ದು ಅಂತ ಗೊತ್ತಾಯಿತು. ಅವರು ಚಮಚವನ್ನು ಬಟ್ಟಲಿನ ಪಕ್ಕ ಮೆಲ್ಲಗೆ ಇಟ್ಟು, ನೀರು ಕುಡಿದು, ಮಕ್ಕಳು ತಿನ್ನುವವರೆಗೆ ಸುಮ್ನೆ ಕೂತಿದ್ದರು. ಬಡಿಸುತ್ತಿದ್ದ ಹುಡುಗಿ ತುಂಬಾ ನೊಂದುಕೊಂಡಳು. ನಾವು ಕೇಳಿರಲಿಲ್ಲ, ಅವಳಿಗೆ ಹೇಳಬೇಕು ಅಂತ ಹೊಳೆದಿರಲಿಲ್ಲ.

ಅದಕ್ಕೇ ಹೇಳುವುದು, ‘ವೆಜಿಟೇರಿಯನ್’ ಅನ್ನುವ ಒಂದೇ ಮಾತು ಸಾಲದು. ಕೆಲವರಿಗೆ ಮೀನು ಅದರಲ್ಲಿ ಬರುತ್ತದೆ, ಕೋಳಿ ಬೇಯಿಸಿದ ನೀರಂತೂ ಎಷ್ಟೋ ಜನರಿಗೆ ಲೆಕ್ಕಕ್ಕೇ ಇಲ್ಲ. ಹೀಗೆ ಬಿಡಿಸಿ ಹೇಳಿ: ‘ನೋ ಮೀಟ್, ನೋ ಚಿಕನ್, ನೋ ಫಿಶ್, ಆಂಡ್ ನೋ ಮೀಟ್ ಬ್ರಾತ್ ಪ್ಲೀಸ್.’ ಮೊಟ್ಟೆ ಬೇಡದಿದ್ದರೆ ಅದನ್ನೂ ಸೇರಿಸಿ. ಆ ಹುಡುಗನಿಗೋ ಹುಡುಗಿಗೋ ಗೊತ್ತಿಲ್ಲದಿದ್ದರೆ, ಅಡುಗೆಮನೆಯಲ್ಲಿ ಕೇಳಿ ಬನ್ನಿ ಅಂತ ನಗುತ್ತಾ ಹೇಳಿ. ಹೋಗಿ ಕೇಳಿ ಬರುತ್ತಾರೆ. ಅಲರ್ಜಿ ಇರುವ ಇಲ್ಲಿನವರೂ ದಿನಾ ಹೀಗೆ ಕೇಳುತ್ತಾರೆ, ಇದರಲ್ಲಿ ನಾಚಿಕೆ ಪಡುವಂಥದ್ದು ಏನೂ ಇಲ್ಲ.

ಎಲ್ಲಿ ಅಡಗಿರುತ್ತದೆ ಅಂದರೆ: ಸೀಸರ್ ಸಾಲಡ್‌ನ ಡ್ರೆಸ್ಸಿಂಗ್‌ನಲ್ಲಿ ಸಣ್ಣ ಮೀನು, ಫ್ರೆಂಚ್ ಆನಿಯನ್ ಸೂಪ್‌ನಲ್ಲಿ ದನದ ಮಾಂಸದ ನೀರು, ಮೆಕ್ಸಿಕನ್ ಅಂಗಡಿಯ ‘ರಿಫ್ರೈಡ್ ಬೀನ್ಸ್’ ಅನ್ನುವ ರುಬ್ಬಿದ ಕಾಳಿನಲ್ಲಿ ಎಷ್ಟೋ ಕಡೆ ಹಂದಿ ಕೊಬ್ಬು, ಅವರ ಕೆಂಪು ಅನ್ನದಲ್ಲಿ ಕೋಳಿ ಬೇಯಿಸಿದ ನೀರು, ಥಾಯ್ ಅಡುಗೆಯಲ್ಲಿ ಮೀನಿನ ಸಾಸ್. ಚೀಸ್ ವಿಷಯ ಇನ್ನೂ ಸೂಕ್ಷ್ಮ. ಇಟಲಿಯ ಅಸಲಿ ಪಾರ್ಮೆಜಾನ್‌ಗೆ ಹಾಲು ಒಡೆಸಲು ಕರುವಿನ ಹೊಟ್ಟೆಯಿಂದ ತೆಗೆದ ರೆನೆಟ್ ಹಾಕುತ್ತಾರೆ, ಅದು ಅಲ್ಲಿನ ನಿಯಮವೇ. ಅಮೆರಿಕದಲ್ಲಿ ತಯಾರಾಗುವ ಚೀಸ್‌ಗಳಲ್ಲಿ ಪ್ರಾಣಿಯಿಂದ ತೆಗೆಯದ ರೆನೆಟ್ ಬಳಸಿದವೇ ಜಾಸ್ತಿ. ಎಷ್ಟರ ಮಟ್ಟಿಗೆ ನೋಡಬೇಕು ಅನ್ನುವುದು ಅವರವರ ಮನೆಯ ತೀರ್ಮಾನ, ನಾವು ಹೇಳುವುದಲ್ಲ. ಈರುಳ್ಳಿ ಬೆಳ್ಳುಳ್ಳಿ ಬಿಟ್ಟವರಿಗೆ ಪಿಜ್ಜಾ ಕಷ್ಟ, ಯಾಕೆಂದರೆ ಟೊಮ್ಯಾಟೊ ಸಾಸ್‌ನಲ್ಲಿ ಬೆಳ್ಳುಳ್ಳಿ ಇದ್ದೇ ಇರುತ್ತದೆ ಅನ್ನಬಹುದು. ಸಾಸ್ ಬದಲು ಬರೀ ಆಲಿವ್ ಎಣ್ಣೆ ಸವರಿ ಕೊಡಿ ಅಂತ ಕೇಳಿದರೆ ಹಲವರು ಮಾಡಿಕೊಡುತ್ತಾರೆ.

ಊರಿಗೊಂದು ಪಿಜ್ಜಾ

ಬೆಂಗಳೂರಿನಲ್ಲಿ ತಿಂದ ಪಿಜ್ಜಾವನ್ನು ಮನಸ್ಸಿನಲ್ಲಿ ಇಟ್ಟುಕೊಂಡು ಹೋಗಬೇಡಿ. ಮೈಸೂರಿನ ಮಸಾಲೆ ದೋಸೆಗೂ ದಾವಣಗೆರೆಯ ಬೆಣ್ಣೆ ದೋಸೆಗೂ ಎಷ್ಟು ವ್ಯತ್ಯಾಸವೋ ಇಲ್ಲೂ ಊರಿಂದ ಊರಿಗೆ ಅಷ್ಟೇ ಇದೆ.

ಶಿಕಾಗೋದ ಡೀಪ್ ಡಿಶ್ 1943ರಲ್ಲಿ ಪಿಜ್ಜೇರಿಯಾ ಉನೋದಲ್ಲಿ ಶುರುವಾದದ್ದು. ಆಳವಾದ ತಟ್ಟೆಗೆ ಹಿಟ್ಟು ಹಾಸಿ, ಮೊದಲು ಚೀಸ್, ಆಮೇಲೆ ತರಕಾರಿ, ಎಲ್ಲಕ್ಕಿಂತ ಮೇಲೆ ಟೊಮ್ಯಾಟೊ. ಬೇಯಲು 40 ನಿಮಿಷವಾದರೂ ಬೇಕು. ಚಿಕ್ಕ ಮಕ್ಕಳಿದ್ದರೆ ಇದನ್ನು ಮರೆಯಬೇಡಿ: ಜಾಗಕ್ಕೆ ಹೆಸರು ಬರೆಸುವಾಗಲೇ ಪಿಜ್ಜಾನೂ ಹೇಳಿಬಿಡಬಹುದೇ ಅಂತ ಕೇಳಿ, ಹಲವು ಕಡೆ ಒಪ್ಪುತ್ತಾರೆ. ಎರಡು ತುಂಡು ತಿಂದರೆ ಹೊಟ್ಟೆ ತುಂಬುತ್ತದೆ, ಜಾಸ್ತಿ ಹೇಳಬೇಡಿ. ಮೇಲೆ ಇನ್ನೊಂದು ಪದರ ಹಿಟ್ಟು ಮುಚ್ಚಿದ್ದಕ್ಕೆ ಸ್ಟಫ್ಡ್ ಅನ್ನುತ್ತಾರೆ, ಅದರಲ್ಲಿ ಪಾಲಕ್ ತುಂಬಿದ್ದು ನಮ್ಮವರಿಗೆ ತುಂಬಾ ಹಿಡಿಸುತ್ತದೆ. ಆದರೆ ಶಿಕಾಗೋದವರು ಮನೆಗೆ ತರಿಸಿಕೊಳ್ಳುವುದು ಹಪ್ಪಳದ ಹಾಗೆ ತೆಳ್ಳಗಿನ, ಚಿಕ್ಕ ಚೌಕಗಳಾಗಿ ಕತ್ತರಿಸಿದ ಟಾವರ್ನ್ ಪಿಜ್ಜಾವನ್ನು. ನನ್ನನ್ನು ಕೇಳಿದರೆ ಮಕ್ಕಳಿಗೆ ಅದೇ ವಾಸಿ. ಒಂದೊಂದೇ ಚೌಕ ಕೈಗೆ ಕೊಡಬಹುದು.

ಖಾರ ಸಾಲದು ಅನ್ನಿಸಿದರೆ ಶಿಕಾಗೋದಲ್ಲಿ ‘ಹಾಟ್ ಜಾರ್ಡಿನೇರಾ’ ಕೇಳಿ. ಹೂಕೋಸು, ಕ್ಯಾರೆಟ್, ಸೆಲರಿ, ಹಸಿಮೆಣಸಿನಕಾಯಿ ಹೆಚ್ಚಿ ಎಣ್ಣೆಯಲ್ಲಿ ಹಾಕಿಟ್ಟ ಉಪ್ಪಿನಕಾಯಿ ಅದು. ಸಾಸಿವೆ ಮೆಂತ್ಯ ಇಲ್ಲ, ಆದರೂ ನಾಲಿಗೆಗೆ ಜೀವ ಬರುತ್ತದೆ. ಪಿಜ್ಜಾ ಮೇಲೇ ಹಾಕಿಸಿಕೊಳ್ಳಬಹುದು, ಅಂಗಡಿಯಲ್ಲಿ ಬಾಟಲಿಯೂ ಸಿಗುತ್ತದೆ. ನಮ್ಮ ಮನೆ ಫ್ರಿಜ್‌ನಲ್ಲಿ ಮಾವಿನಕಾಯಿ ಉಪ್ಪಿನಕಾಯಿ ಪಕ್ಕದಲ್ಲಿ ಅದೂ ಒಂದು ಇದ್ದೇ ಇರುತ್ತದೆ.

ಡೆಟ್ರಾಯಿಟ್‌ನದು ಚೌಕದ ಪಿಜ್ಜಾ, 1946ರಲ್ಲಿ ಬಡ್ಡೀಸ್‌ನಿಂದ ಶುರು. ಕಾರಿನ ಕಾರ್ಖಾನೆಗಳಲ್ಲಿ ಸಣ್ಣಪುಟ್ಟ ಭಾಗಗಳನ್ನು ಇಡುತ್ತಿದ್ದ ಉಕ್ಕಿನ ತಟ್ಟೆಗಳಲ್ಲಿ ಬೇಯಿಸಿದರು, ಆಕಾರ ಹಾಗೇ ಉಳಿಯಿತು. ವಿಸ್ಕಾನ್ಸಿನ್‌ನ ಬ್ರಿಕ್ ಚೀಸನ್ನು ತಟ್ಟೆಯ ಅಂಚಿನವರೆಗೂ ಹರಡುತ್ತಾರೆ, ಅದು ಕಬ್ಬಿಣಕ್ಕೆ ತಾಗಿ ಕಂದು ಬಣ್ಣಕ್ಕೆ ತಿರುಗಿ ಗರಿಗರಿಯಾಗುತ್ತದೆ. ಕಾವಲಿಯಿಂದ ಎಬ್ಬಿದ ಬೆಣ್ಣೆ ದೋಸೆಯ ಅಂಚನ್ನು ಮುರಿದು ಮೊದಲು ಬಾಯಿಗೆ ಹಾಕಿಕೊಳ್ಳುತ್ತೀವಲ್ಲ, ಅದೇ ಸುಖ. ಮೂಲೆಯ ತುಂಡಿಗೆ ನಮ್ಮ ಮನೆಯಲ್ಲಿ ಸರದಿ ಇದೆ. ಸೇಂಟ್ ಲೂಯಿಸ್‌ನದು ಈಸ್ಟ್ ಇಲ್ಲದ ತೆಳುವಾದ ಹಿಟ್ಟು, ಮೇಲೆ ಪ್ರೊವೆಲ್ ಅನ್ನುವ ಅಂಟಂಟು ಚೀಸ್. ಕೆಲವರಿಗೆ ತುಂಬಾ ಇಷ್ಟ, ಕೆಲವರಿಗೆ ಆಗುವುದೇ ಇಲ್ಲ. ಚಿಕ್ಕದು ತರಿಸಿ ನೋಡಿ.

ಅಳತೆ ಬಗ್ಗೆ ಒಂದು ಲೆಕ್ಕ. 14 ಇಂಚಿನದು 10 ಇಂಚಿನದಕ್ಕಿಂತ ಸುಮಾರು ಎರಡರಷ್ಟು ದೊಡ್ಡದು, ಬೆಲೆ ಮಾತ್ರ ಸಾಮಾನ್ಯವಾಗಿ ಎರಡರಷ್ಟು ಇರುವುದಿಲ್ಲ. ಎರಡು ಚಿಕ್ಕದು ತರಿಸುವ ಬದಲು ಒಂದು ದೊಡ್ಡದು ತರಿಸಿ, ಅರ್ಧಕ್ಕೆ ಒಂದು, ಅರ್ಧಕ್ಕೆ ಇನ್ನೊಂದು ಹಾಕಿಸಿ. ಅರ್ಧದಲ್ಲಿ ಮಾಂಸ ಹಾಕಿಸುವ ಗೆಳೆಯರು ಜೊತೆಗಿದ್ದರೆ ಬೇರೆ ಬೇರೆ ತರಿಸುವುದೇ ಒಳ್ಳೆಯದು. ಎಣ್ಣೆ ಹರಿದು ಬರುತ್ತದೆ, ಕತ್ತರಿಸುವ ಚಕ್ರವೂ ಒಂದೇ.

ಫುಡ್ ಹಾಲ್

ಒಂದೇ ಸೂರಿನ ಕೆಳಗೆ ಹತ್ತಾರು ಸಣ್ಣ ಅಂಗಡಿಗಳು, ನಡುವೆ ಎಲ್ಲರಿಗೂ ಸೇರಿದ ಮೇಜುಗಳು. ವಿ.ವಿ. ಪುರಂ ತಿಂಡಿ ಬೀದಿಗೆ ಮೇಲೆ ಸೂರು ಹಾಕಿದರೆ ಹೇಗೋ ಹಾಗೆ. ದರ್ಶಿನಿಯ ಹಾಗೆ ಒಂದೇ ಕಡೆ ಚೀಟಿ ತೆಗೆದುಕೊಳ್ಳುವುದಲ್ಲ, ಪ್ರತಿ ಅಂಗಡಿಯಲ್ಲೂ ಬೇರೆ ದುಡ್ಡು ಕೊಡಬೇಕು. ಕೊಲಂಬಸ್‌ನ ನಾರ್ತ್ ಮಾರ್ಕೆಟ್ 1876ರಿಂದ ಇದೆ. ಕ್ಲೀವ್‌ಲ್ಯಾಂಡ್‌ನ ವೆಸ್ಟ್ ಸೈಡ್ ಮಾರ್ಕೆಟ್‌ನ ಈಗಿನ ಕಟ್ಟಡ 1912ರದು, ಅಲ್ಲಿ ಸಂತೆಯೇ ಮುಖ್ಯ, ಮಾಂಸದ ಅಂಗಡಿಗಳೂ ಜಾಸ್ತಿ, ವಾಸನೆ ಆಗದವರು ಮೊದಲೇ ತಿಳಿದಿರಿ. ಮಿಲ್ವಾಕಿಯ ಪಬ್ಲಿಕ್ ಮಾರ್ಕೆಟ್ 2005ರಲ್ಲಿ, ಮಿನಿಯಾಪೊಲಿಸ್‌ನ ಮಿಡ್‌ಟೌನ್ ಗ್ಲೋಬಲ್ ಮಾರ್ಕೆಟ್ 2006ರಲ್ಲಿ ಶುರುವಾದವು. ಎರಡನೆಯದು ಹಳೆಯ ಸಿಯರ್ಸ್ ಕಟ್ಟಡದಲ್ಲಿದೆ, ಬೇರೆ ಬೇರೆ ದೇಶಗಳಿಂದ ವಲಸೆ ಬಂದವರು ಅಲ್ಲಿ ಅಂಗಡಿ ಇಟ್ಟಿದ್ದಾರೆ. ಇಂಡಿಯಾನಾಪೊಲಿಸ್‌ನಲ್ಲಿ ಕೋಕಾ ಕೋಲಾ ಬಾಟಲಿ ತುಂಬುತ್ತಿದ್ದ ಹಳೆಯ ಜಾಗದಲ್ಲೇ ಈಗ ಫುಡ್ ಹಾಲ್ ಇದೆ.

ಮೂರು ತಲೆಮಾರು ಒಟ್ಟಿಗಿರುವ ನಮ್ಮಂಥ ಮನೆಗಳಿಗೆ ಹೋಟೆಲಿಗಿಂತ ಇದೇ ಅನುಕೂಲ ಅಂತ ನಾನು ಗಟ್ಟಿಯಾಗಿ ಹೇಳುತ್ತೇನೆ. ಮಗಳಿಗೆ ನೂಡಲ್ಸ್, ಮಗನಿಗೆ ಪಿಜ್ಜಾ, ಹಿರಿಯರಿಗೆ ಬೇರೆ. ಏನೂ ಹಿಡಿಸದಿದ್ದರೆ ಎದ್ದು ಇನ್ನೊಂದು ಅಂಗಡಿಗೆ ಹೋಗಬಹುದು, ಯಾರೂ ಬಂದು ಅವಸರ ಮಾಡುವುದಿಲ್ಲ. ಮೊದಲು ಒಬ್ಬರು ಮೇಜು ಹಿಡಿದು ಕೂರಿ, ಉಳಿದವರು ಸುತ್ತಿ ಬನ್ನಿ. ಹೊರಗಿನ ಡಬ್ಬಿ ಬಿಚ್ಚಿ ಕೂರುವುದು ಮಾತ್ರ ಬೇಡ, ಪುಟ್ಟ ಮಗುವಿನ ಊಟಕ್ಕೆ ಯಾರೂ ಏನೂ ಅನ್ನುವುದಿಲ್ಲ.

ಇಥಿಯೋಪಿಯಾದ ಅಂಗಡಿ ಕಂಡರೆ ಬಿಡಬೇಡಿ. ಅಲ್ಲಿನ ಕ್ರೈಸ್ತರು ಬುಧವಾರ, ಶುಕ್ರವಾರ ಉಪವಾಸ ಮಾಡುತ್ತಾರೆ, ಮಾಂಸ, ಹಾಲು ಎರಡನ್ನೂ ಮುಟ್ಟುವುದಿಲ್ಲ. ಹಾಗಾಗಿ ಬೇಳೆ, ಕಡಲೆ ಹಿಟ್ಟು, ಸೊಪ್ಪಿನ ಅಡುಗೆ ಅವರಿಗೆ ಚೆನ್ನಾಗಿ ಗೊತ್ತು. ‘ವೆಜಿ ಕಾಂಬೊ’ ಅಂತ ಕೇಳಿ. ಆ ಸೂಪ್ ಆದಮೇಲೆ ಹೊರಗೆ ಊಟವೇ ಬೇಡ ಅಂದಿದ್ದ ಅತ್ತೆಯವರನ್ನು ಕೊನೆಗೂ ಒಪ್ಪಿಸಿ ಕರೆದುಕೊಂಡು ಹೋಗಿದ್ದು ಅಂಥ ಅಂಗಡಿಗೆ. ಅಗಲವಾದ, ಮೇಲೆಲ್ಲ ತೂತು ತೂತಾದ ಇಂಜೆರಾ ಅನ್ನುವ ಅವರ ರೊಟ್ಟಿಯ ಒಂದು ತುದಿ ಹರಿದು, ಮೂಸಿ, ಬೇಳೆ ಅದ್ದಿ ಬಾಯಿಗೆ ಇಟ್ಟರು. ‘ಹಿಟ್ಟು ಒಂದು ದಿನ ಜಾಸ್ತಿ ಹುಳಿ ಬಂದಿದೆ ಕಣಮ್ಮ, ಆದರೆ ದೋಸೆನೇ ಇದು’ ಅಂದರು. ಪೂರ್ತಿ ತಿಂದರು.

ಟಿಪ್ಸ್, ಬಿಲ್ಲು, ಹೊತ್ತು

ಕೂತಲ್ಲಿಗೆ ಬಂದು ಬಡಿಸುವ ಕಡೆ ತೆರಿಗೆ ಸೇರಿಸುವ ಮುಂಚಿನ ಮೊತ್ತಕ್ಕೆ ನೂರಕ್ಕೆ 18ರಿಂದ 20 ಟಿಪ್ಸ್ ಕೊಡಿ. ಇದು ದಾನ ಅಲ್ಲ. ಟಿಪ್ಸ್ ಪಡೆಯುವವರಿಗೆ ಕೇಂದ್ರದ ಕಾನೂನಿನ ಕನಿಷ್ಠ ಕೂಲಿ ಗಂಟೆಗೆ 2.13 ಡಾಲರ್, 1991ರಿಂದ ಅಷ್ಟೇ ಇದೆ. ಮಿನ್ನೆಸೋಟಾದಂಥ ಕೆಲವು ರಾಜ್ಯಗಳು ಪೂರ್ತಿ ಕನಿಷ್ಠ ಕೂಲಿ ಕೊಡಿಸುತ್ತವೆ, ಆದರೂ ಅಲ್ಲಿನವರೂ ಕೊಡುತ್ತಾರೆ. ದೊಡ್ಡ ಗುಂಪಾಗಿ ಹೋದರೆ ಬಿಲ್ಲಿನಲ್ಲೇ ‘ಗ್ರಾಚ್ಯುಟಿ’ ಅಂತ ಟಿಪ್ಸ್ ಸೇರಿಸಿರಬಹುದು, ನೋಡಿಕೊಂಡು ಕೊಡಿ, ಎರಡು ಸಲ ಬೇಡ. ಫುಡ್ ಹಾಲ್‌ನಲ್ಲಿ ಪರದೆ ತಿರುಗಿಸಿ ಕೇಳುತ್ತಾರೆ, ಅಲ್ಲಿ ನಿಮ್ಮಿಷ್ಟ, ಒಂದು ಡಾಲರ್ ಕೊಟ್ಟರೂ ಸರಿ. ನೀವೇ ಹೋಗಿ ಪಿಜ್ಜಾ ತರುವುದಾದರೆ ಕೊಡಲೇಬೇಕು ಅಂತಿಲ್ಲ. ಮನೆಗೆ ತಂದು ಕೊಡುವವರಿಗೆ, ಅದರಲ್ಲೂ ಹಿಮ ಬೀಳುವಾಗ, ಕೈ ಬಿಗಿ ಹಿಡಿಯಬೇಡಿ.

ಗೆಳೆಯರ ಜೊತೆ ಹೋದಾಗ ಬೇರೆ ಬೇರೆ ಬಿಲ್ಲು ಬೇಕಿದ್ದರೆ ಮೊದಲೇ ‘ಸೆಪರೇಟ್ ಚೆಕ್ಸ್’ ಅನ್ನಿ. ಬಿಲ್ಲಿಗಾಗಿ ಜಗ್ಗಾಡುವ ನಮ್ಮ ಅಭ್ಯಾಸ ಇಲ್ಲಿನವರಿಗೆ ಗಾಬರಿ ಹುಟ್ಟಿಸುತ್ತದೆ. ಊಟದ ಹೊತ್ತೂ ಬೇರೆ. ಮಿಡ್‌ವೆಸ್ಟ್‌ನವರು ಸಂಜೆ ಐದೂವರೆ ಆರಕ್ಕೇ ಕೂರುತ್ತಾರೆ, ಒಂಬತ್ತಕ್ಕೆ ಹೋದರೆ ಹಲವು ಕಡೆ ಅಡುಗೆಮನೆ ಮುಚ್ಚಿರುತ್ತದೆ. ಸೋಮವಾರ ಹಲವು ಅಂಗಡಿಗಳಿಗೆ ರಜೆ, ಹೊರಡುವ ಮುಂಚೆ ಒಂದು ಫೋನ್ ಮಾಡಿ.

ಉಳಿದದ್ದನ್ನು ಬಿಟ್ಟು ಬರಬೇಡಿ, ‘ಬಾಕ್ಸ್ ಪ್ಲೀಸ್’ ಅಂದರೆ ಸಾಕು. ಮರುದಿನ ಮೈಕ್ರೋವೇವ್‌ನಲ್ಲಿ ಇಟ್ಟರೆ ತಳ ಮೆತ್ತಗಾಗಿ ಜಗಿಯಲು ಆಗುವುದಿಲ್ಲ. ಊರಿಂದ ತಂದ ದೋಸೆ ಕಾವಲಿ ಇದೆಯಲ್ಲ, ಅದನ್ನು ಸಣ್ಣ ಉರಿಯಲ್ಲಿ ಕಾಯಿಸಿ, ತುಂಡು ಇಟ್ಟು, ಮೇಲೆ ಮುಚ್ಚಳ ಮುಚ್ಚಿ ಐದು ನಿಮಿಷ ಬಿಡಿ. ಚೀಸ್ ಕರಗಿ ತಳ ಗರಿಗರಿಯಾದಾಗ ಇಳಿಸಿ. ಡೀಪ್ ಡಿಶ್ ದಪ್ಪ ಇರುವುದರಿಂದ ಅದಕ್ಕೆ ಮಾತ್ರ ಓವನ್ ಬೇಕು, 350 ಡಿಗ್ರಿ ಫ್ಯಾರನ್‌ಹೀಟ್‌ನಲ್ಲಿ ಕಾಲು ಗಂಟೆ.